ಬುಗ್ಲಾಪುರದೋಳು

ನಮ್ಮ ಕಡೆ ಹಳ್ಳಿಗಳಲ್ಲಿ ಸೊಸೆಗೆ ಹೆಸರಿರುವುದಿಲ್ಲ, ಊರಿರುತ್ತದೆ. ಮದ್ದೂರಿನಿಂದ ಬಂದವಳು ಮದ್ದೂರೋಳು, ಕೊಪ್ಪದಿಂದ ಬಂದವಳು ಕೊಪ್ಪದೋಳು. ನನ್ನ ಹೆಂಡತಿಯನ್ನು ನಮ್ಮಮ್ಮ ಕಡೇತನಕ ಮಳವಳ್ಳಿಯೋಳು ಎಂದೇ ಕೂಗಿದಳು. ಕೇಳಿ ಕೇಳಿ ನನ್ನ ಬಾಯಿಗೂ ಅದೇ ಹತ್ತಿತು. ರೇಷನ್ ಕಾರ್ಡಿನಲ್ಲಿ ಅವಳಿಗೆ ಬೇರೆ ಹೆಸರಿತ್ತು. ಅದನ್ನು ನಾನು ಬಾಯಿಬಿಟ್ಟು ಹೇಳಿದ್ದು ಆಸ್ಪತ್ರೆಯಲ್ಲಿ ಚೀಟಿ ಬರೆಸುವ ಕಿಟಕಿಯ ಮುಂದೆ ಮಾತ್ರ.

ಅವಳು ತೀರಿಹೋಗಿ ನಾಲ್ಕು ವರ್ಷವಾಯಿತು. ಮಕ್ಕಳಿಲ್ಲ. ಮಂಡ್ಯದ ಗುತ್ತಲಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಒಂದು ಕುಕ್ಕರು, ಶಾಲೆಯವರು ಎಸೆಯಲು ಹೊರಟಿದ್ದ ಒಂದು ಪ್ರಪಂಚದ ಭೂಪಟ. ಇಷ್ಟೇ ನನ್ನ ಸಂಸಾರ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದವನಿಗೆ ಈಗ ದಿನಕ್ಕೆ ಒಂದು ಮಾತು ಸಿಕ್ಕರೆ ಹೆಚ್ಚು, ಅದೂ ಹಾಲಿನವನ ಹತ್ತಿರ, ಅದೂ ಹಾಲಿನ ವಿಷಯ.

ಹಾಗಿರುವಾಗ ಒಬ್ಬ ಹಳೇ ವಿದ್ಯಾರ್ಥಿ ಮನೆಗೆ ಬಂದ. ಇಲ್ಲೇ ಹತ್ತಿರದ ದುದ್ದದವನು. ಗಲ್ಫಿನ ಒಂದು ಆಸ್ಪತ್ರೆಯಲ್ಲಿ ಏಸಿ ರಿಪೇರಿ ಕೆಲಸ. ಅಲ್ಲೇ ಕೆಲಸಕ್ಕಿದ್ದ ಫಿಲಿಪೀನ್ಸಿನ ಹುಡುಗಿಯನ್ನು ಮದುವೆಯಾಗಿದ್ದ. ಅವಳ ಕೆಲಸದ ಅವಧಿ ಮುಗಿದಿತ್ತು, ಅವನದು ಇನ್ನೊಂದು ವರ್ಷ ಇತ್ತು. ಅಲ್ಲಿಯತನಕ ಅವಳು ದುದ್ದದಲ್ಲಿ ಅವನ ತಾಯಿಯ ಜೊತೆ ಇರಬೇಕು. ವಾರಕ್ಕೊಂದು ದಿನ ಬಂದು ಒಂದಿಷ್ಟು ಕನ್ನಡ ಕಲಿಸಿ ಮೇಷ್ಟ್ರೇ ಎಂದು ಕೇಳಿಕೊಂಡ. ನಾನು ಯೋಚಿಸುವವನಂತೆ ನಟಿಸಿ ಒಪ್ಪಿಕೊಂಡೆ. ಅವನು ಬಾಗಿಲು ದಾಟುವ ಮೊದಲೇ ಮನಸ್ಸಿನಲ್ಲಿ ಬುಧವಾರದ ಬಸ್ಸು ಹತ್ತಿದ್ದೆ.

ಆ ರಾತ್ರಿ ಆ ಹುಡುಗಿಯ ದೇಶ ಎಲ್ಲಿದೆ ನೋಡೋಣ ಎಂದು ಭೂಪಟ ಬಿಚ್ಚಿದೆ. ಏಷ್ಯಾದ ಬಲಗಡೆ, ಮಡಿಕೆ ಬೀಳುವ ಜಾಗದಲ್ಲಿ, ಕೈಯಗಲದ ಬಟ್ಟೆಯ ತೇಪೆ. ಹರಿದುಹೋಗಿದೆ ಎಂದು ಮೈದಾಹಿಟ್ಟಿನ ಗೋಂದು ಕಾಯಿಸಿ ಅಂಟಿಸಿದವನು ನಾನೇ. ನೀರು ಸವರಿ ಮೆಲ್ಲಗೆ ಎಬ್ಬಿಸಿದರೆ ತೇಪೆಯ ಜೊತೆ ಬಣ್ಣವೂ ಕಿತ್ತುಬಂತು. ಅಂದರೆ ಅಷ್ಟು ವರ್ಷ ಅಷ್ಟು ಮಕ್ಕಳಿಗೆ ನಾನು ಕೋಲು ಹಿಡಿದು ತೋರಿಸಿದ ಪ್ರಪಂಚದಲ್ಲಿ ಅವಳ ಊರೇ ಇರಲಿಲ್ಲ.

ಮುಂದಿನ ಬುಧವಾರ ಆ ಖಾಲಿ ಜಾಗವನ್ನು ಅವಳ ಮುಂದೆ ಹಿಡಿದೆ. ಅವಳು ನಕ್ಕು ನನ್ನ ಪೆನ್ನು ಕಿತ್ತುಕೊಂಡು ಒಂದು ಕಾಲುಚೀಲದ ಆಕಾರ ಬರೆದಳು. ನೆಗ್ರೋಸ್ ದ್ವೀಪ. ನಡುವೆ ಉದ್ದಕ್ಕೂ ಬೆನ್ನುಮೂಳೆಯಂತೆ ಬೆಟ್ಟಸಾಲು, ಅದರಲ್ಲೊಂದು ಈಗಲೂ ಹೊಗೆಯುಗುಳುವ ಬೆಂಕಿಬೆಟ್ಟ. ಬೆಟ್ಟದ ಈ ಮಗ್ಗುಲವರದು ಒಂದು ಭಾಷೆ, ಆ ಮಗ್ಗುಲವರದು ಇನ್ನೊಂದು. ಪಡುವಣ ಮಗ್ಗುಲಲ್ಲಿ ಸಮುದ್ರದ ಅಂಚಿನತನಕ ಕಬ್ಬೋ ಕಬ್ಬು. ಅವಳಜ್ಜ ಪಕ್ಕದ ದ್ವೀಪದಿಂದ ಕಬ್ಬು ಕಡಿಯಲು ದೋಣಿಯಲ್ಲಿ ಬಂದು ಅಲ್ಲೇ ನಿಂತವನು. ಕಟಾವು ಮುಗಿದರೆ ಮುಂದಿನ ಕಟಾವಿನವರೆಗೆ ಕೂಲಿಯಿಲ್ಲ. ಆ ತಿಂಗಳುಗಳಿಗೆ ಅಲ್ಲಿ 'ಸತ್ತ ಕಾಲ' ಎನ್ನುತ್ತಾರಂತೆ. ಅದನ್ನು ಹೇಳುವಾಗ ಅವಳು ಅಕ್ಕಿ ಡಬ್ಬದ ತಳ ಕೆರೆಯುವಂತೆ ಕೈ ಮಾಡಿ ತೋರಿಸಿದಳು. ಅವಳ ಇಂಗ್ಲಿಷು ಅಮೆರಿಕದವರು ಬಿಟ್ಟುಹೋದದ್ದು, ನನ್ನದು ಬ್ರಿಟಿಷರು ಬಿಟ್ಟುಹೋದದ್ದು. ಎರಡೂ ಸೇರಿ ಹೇಗೋ ಗಾಡಿ ಓಡುತ್ತಿತ್ತು.

ಅವಳ ಕಷ್ಟ ಭಾಷೆಯದಲ್ಲ ಎಂದು ನನಗೆ ತಿಳಿದದ್ದು ಎರಡು ಮೂರು ವಾರದ ಮೇಲೆ. ಬೀದಿಯ ಹೆಂಗಸರು ಒಬ್ಬರ ಹೊಲಕ್ಕೊಬ್ಬರು ಮುಯ್ಯಾಳಾಗಿ ಹೋಗುತ್ತಾರೆ. ಇವತ್ತು ನಿನ್ನ ಹೊಲದಲ್ಲಿ ನಾನು, ನಾಳೆ ನನ್ನದರಲ್ಲಿ ನೀನು. ಬೆಳಿಗ್ಗೆ ಬೀದಿಯಲ್ಲಿ ನಿಂತು ಒಬ್ಬೊಬ್ಬರನ್ನೇ ಊರಿನ ಹೆಸರು ಹಿಡಿದು ಕೂಗಿಕೊಂಡು ಹೊರಡುತ್ತಾರೆ. ಇವಳನ್ನು ಯಾರೂ ಕೂಗುತ್ತಿರಲಿಲ್ಲ. ದಿನವೆಲ್ಲ ಗೋಡೆ ನೋಡಿಕೊಂಡು ಕೂತಿರುತ್ತಿದ್ದಳು. ಗಂಡ ಬರುವ ಹೊತ್ತಿಗೆ ಈ ಬೀದಿಯವಳಾಗದೆ ಇದ್ದರೆ ಇಲ್ಲಿ ಇರಲಾರೆ ಎಂದು ನನ್ನ ಹತ್ತಿರ ಒಮ್ಮೆ ಅಂದಳು. ಅತ್ತೆಗೂ ಅದೇ ಚಿಂತೆ.

"ಕೆಟ್ಟೋಳಲ್ಲ ಕಣ್ ಮೇಷ್ಟ್ರೇ," ಅಂದಿತು ಆ ಮುದುಕಿ. "ಆದ್ರೆ ಯಾವೂರೋಳು ಅಂತ ಕೇಳುದ್ರೆ ನಾನೇನ್ ಯೋಳ್ಲಿ? ಕೂಗಕ್ಕೊಂದು ಊರು ಬ್ಯಾಡ್ವಾ?"

ನಾನು ಅಲ್ಲಿಗೇ ಸುಮ್ಮನಿರಬೇಕಿತ್ತು. ಆದರೆ ಎಷ್ಟೋ ಕಾಲದ ಮೇಲೆ ಒಂದು ಪ್ರಶ್ನೆ ನನ್ನ ಪಾಠದೊಳಕ್ಕೇ ಬಂದು ಬಿದ್ದಿತ್ತು. ಜಗಲಿಯ ಮೇಲೆ ಬೀದಿಯ ನಾಲ್ಕಾರು ಹೆಂಗಸರೂ ಕೂತಿದ್ದರು. ಗಂಟಲು ಸರಿಮಾಡಿಕೊಂಡು ಶುರುಹಚ್ಚಿದೆ. ಸ್ಪೇನಿನವರು ಹಡಗಿನಲ್ಲಿ ಬಂದರು, ದಡದಲ್ಲಿ ಕಪ್ಪು ಮೈಯ ಜನರನ್ನು ಕಂಡರು, ಕರಿಯರ ದ್ವೀಪ ಎಂದು ಹೆಸರಿಟ್ಟರು, ನೆಗ್ರೋಸ್ ಎಂದರೆ ಅದೇ. ಹೆಂಗಸರು ಬಾಯಿಬಿಟ್ಟುಕೊಂಡು ಕೇಳಿದರು. ಅಂದು ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ನನ್ನ ಬಗ್ಗೆಯೇ ಒಂದು ಸಂತೋಷ.

ಮುಂದಿನ ಬುಧವಾರ ಬೀದಿ ಹೊಕ್ಕಾಗ ಎದುರುಮನೆಯ ಹೆಂಗಸು ತನ್ನ ಬಾಗಿಲಿಂದಲೇ ಕೂಗುತ್ತಿದ್ದಳು. "ಕರಿಯೂರೋಳೇ, ನಿಮ್ ಮೇಷ್ಟ್ರು ಬಂದ್ರು ನೋಡವ್ವ."

ನಮ್ಮ ಬೀದಿಗಳಲ್ಲಿ ಬಿಳಿಯರೇನೂ ಇಲ್ಲ. ಕೂಗಿದವಳೇ ಇವಳಿಗಿಂತ ಎರಡು ಪಟ್ಟು ಕಪ್ಪು. ಅವಳ ಮನಸ್ಸಿನಲ್ಲಿ ಕೇಡೂ ಇರಲಿಲ್ಲ, ಮೇಷ್ಟ್ರು ಹೇಳಿದ ಊರನ್ನೇ ಕೂಗಿದ್ದಳು. ಆದರೆ ಒಳಗೆ ಹೋದರೆ ನನ್ನ ಶಿಷ್ಯೆ ಪುಸ್ತಕ ತೆಗೆಯಲಿಲ್ಲ. ಆ ಮಾತಿನ ಅರ್ಥ ಅವಳಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ಗಲ್ಫಿನಲ್ಲಿ ತನ್ನನ್ನು ದೇಶದ ಹೆಸರಿನಿಂದ ಕರೆದರು, ಅದು ಸ್ಪೇನಿನ ಒಬ್ಬ ರಾಜನ ಹೆಸರು. ಮನೆತನದ ಹೆಸರನ್ನು ಮುತ್ತಜ್ಜನ ಅಜ್ಜನ ಕಾಲದಲ್ಲಿ ಒಂದು ಪಟ್ಟಿಯಿಂದ ಆರಿಸಿ ಕೊಟ್ಟರು, ಅದೂ ಸ್ಪೇನಿನವರೇ. ಇಷ್ಟನ್ನು ಮೆಲ್ಲಗೆ ಹೇಳಿ, ಕೊನೆಗೆ ತನ್ನ ಇಂಗ್ಲಿಷಿನಲ್ಲಿ, ಅವರ್ಯಾರೂ ನಮ್ಮನ್ನು ಕೇಳಿ ಹೆಸರಿಡಲಿಲ್ಲ, ನೀವಾದರೂ ಕೇಳಬಹುದಿತ್ತು ಅಂದಳು.

ಪಾಠದಲ್ಲಿ ಎಷ್ಟು ಸಲ ಆ ಹಡಗಿನವರನ್ನು ಬೈದಿದ್ದೆ.

ಆಮೇಲೆ ಕೇಳಿದೆ. ಅವರು ಬರುವುದಕ್ಕೆ ಮೊದಲು ನಿಮ್ಮವರು ಏನನ್ನುತ್ತಿದ್ದರು?

"ಬುಗ್ಲಾಸ್," ಅಂದಳು. ಕತ್ತರಿಸಿ ಬೇರೆಯಾದ ತುಂಡು ಎಂದು ಕೆಲವರು ಅರ್ಥ ಹೇಳುತ್ತಾರಂತೆ, ಕಬ್ಬಿನಂತೆ ಎತ್ತರಕ್ಕೆ ಬೆಳೆಯುವ ಒಂದು ಹುಲ್ಲಿನ ಹೆಸರು ಎಂದು ಇನ್ನು ಕೆಲವರು. ಆ ಗೋಡೆಯ ಮುಂದೆ ಕೂತವಳಿಗೆ ಎರಡೂ ನಿಜವಿರಬೇಕು.

ತಪ್ಪು ನನ್ನದು, ಸರಿಮಾಡಬೇಕಾದವನೂ ನಾನೇ. ಮತ್ತೆ ಜಗಲಿಯ ಮೇಲೆ ಕೂತೆ. ಈ ಸಲ ಏನು ಹೇಳಲಿ ಎಂದು ಮೊದಲು ಅವಳನ್ನೇ ಕೇಳಿದೆ. ಅವಳು ಆರಿಸಿದ್ದು ತನ್ನ ದ್ವೀಪದವರು ಸ್ಪೇನಿನವರನ್ನು ಓಡಿಸಿದ ಕತೆ. ಅವಳು ಇಂಗ್ಲಿಷಿನಲ್ಲಿ ಹೇಳಿದಳು, ನಾನು ಕನ್ನಡ ಮಾಡಿದೆ. ಊರಿನವರ ಹತ್ತಿರ ಕತ್ತಿಗಳಿದ್ದವು, ಕೋವಿ ಬೆರಳೆಣಿಕೆಯಷ್ಟು. ಅದಕ್ಕೆ ತೆಂಗಿನ ಜಾತಿಯದೇ ಒಂದು ಮರದ ಮಟ್ಟೆಗಳನ್ನು ಕೆತ್ತಿ ಬಂದೂಕು ಮಾಡಿಕೊಂಡರು. ಬಿದಿರಿನ ಚಾಪೆ ಸುತ್ತಿ ಕಪ್ಪು ಬಳಿದು ಫಿರಂಗಿ ಮಾಡಿದರು. ದೂರದಿಂದ ಕಂಡ ಸಿಪಾಯಿಗಳು ನಿಜವೆಂದೇ ನಂಬಿ ಶರಣಾದರು.

ಮುದುಕಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿತು. "ಚಾಪೆ ತೋರ್ಸಿ ದೊರೆಗಳ್ನ ಓಡ್ಸಿದ್ರಾ? ಭಲೇ ಜನ ಕಣ್ ಬುಡು ನಿಮ್ಮೋರು."

ಆದರೆ ಕೆಲವೇ ತಿಂಗಳಲ್ಲಿ ಅಮೆರಿಕದವರು ಬಂದರು ಎಂಬುದನ್ನೂ ಅವಳು ಬಿಡದೆ ಹೇಳಿದಳು. ಬ್ರಿಟಿಷರ ಕಾಲದಲ್ಲಿ ಮದ್ದೂರಿನ ಹತ್ತಿರದ ಶಿವಪುರದಲ್ಲಿ ನಿಷೇಧ ಮುರಿದು ಬಾವುಟ ಹಾರಿಸಿದವರನ್ನು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡಿದ್ದ ತನ್ನ ಅಪ್ಪನ ಸುದ್ದಿಯನ್ನು ಮುದುಕಿ ತೆಗೆಯಿತು. ನಾನು ಅದನ್ನು ಇಂಗ್ಲಿಷ್ ಮಾಡಿದೆ. ಅಂದು ನನಗೆ ಬೇರೆ ಕೆಲಸವಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಹದಿನೈದು ದಿನ ಬಿಟ್ಟು ಅತ್ತೆ ಸೊಸೆಯರ ಗದ್ದೆಯಲ್ಲೇ ಕಬ್ಬಿನ ಕಟಾವು. ಮುಯ್ಯಾಳುಗಳು ಬಂದಿದ್ದರು. ನಾನೂ ಬದುವಿನ ಮೇಲೆ ಕೂತಿದ್ದೆ. ಅವಳು ಯಾರನ್ನೂ ಕೇಳದೆ ಮಚ್ಚು ತೆಗೆದುಕೊಂಡಳು. ಬುಡಕ್ಕೆ ಬಗ್ಗಿ, ನೆಲ ಸವರಿಕೊಂಡು ಒಂದೇ ಏಟು. ಕಬ್ಬನ್ನು ಎಡಗೈಯಲ್ಲಿ ತಿರುಗಿಸಿ ಒಣಗರಿ ಸವರಿ, ತುದಿಯ ಸೋಗೆ ಹಾರಿಸಿ, ಪಕ್ಕಕ್ಕೆ ಮಲಗಿಸಿದಳು. ಹೆಂಗಸರು ಕೈ ನಿಲ್ಲಿಸಿದರು. ಮದ್ದೂರಿನ ಕಡೆಯಿಂದ ಹೊಸದಾಗಿ ಸೊಸೆಯಾಗಿ ಬಂದಿದ್ದ ಒಬ್ಬಳು ಇವಳ ಮುಖವನ್ನೇ ನೋಡಿ ಕೇಳಿದಳು, ಯಾವೂರಕ್ಕ ನಿಮ್ದು?

ಮುದುಕಿ ಬಾಯಿ ತೆರೆಯಿತು, ನಾನೂ ತೆರೆದೆ. ಅಷ್ಟರಲ್ಲಿ ಅವಳೇ, ಅತ್ತೆಯಿಂದ ಕಲಿತ ಕನ್ನಡದಲ್ಲಿ, ಮಚ್ಚು ಕೆಳಗಿಡದೆ ಹೇಳಿದಳು.

"ಬುಗ್ಲಾಸು ಕಣವ್ವ. ಕಬ್ಬಿನೂರು."

"ಬುಗ್ಲಾಪುರವಾ? ಸಿವಪುರದಿಂದ ಆಚೀಕಾ?"

"ಆಚೀಕೆ," ಅಂದಿತು ಮುದುಕಿ. "ಒಸಿ ದೂರ ಆಯ್ತದೆ."

ಅದು ಬುಗ್ಲಾಪುರ ಅಲ್ಲಮ್ಮ ಎಂದು ಏಳಹೊರಟ ನನಗೆ ಶಿಷ್ಯೆ ದೂರದಿಂದಲೇ ಕೈಯಾಡಿಸಿ ಕೂತುಕೊಳ್ಳಿ ಎಂದಳು. ಅವಳು ನಗುತ್ತಿದ್ದಳು. ಕೂತೆ. ಮಧ್ಯಾಹ್ನ ಮುದ್ದೆಗೆ ಕೂಗುವ ಹೊತ್ತಿಗೆ ಗದ್ದೆಯ ಆ ತುದಿಯಿಂದ ಈ ತುದಿಗೆ ಬುಗ್ಲಾಪುರದೋಳೇ, ಬುಗ್ಲಾಪುರದೋಳೇ ಎಂದು ಎರಡು ಮೂರು ದನಿ ಕೇಳಿದವು. ಕರಿಯೂರು ಆಮೇಲೆ ಯಾರ ಬಾಯಲ್ಲೂ ಬರಲಿಲ್ಲ.

ಅದಾದ ಮೇಲೆ ಎರಡು ಬುಧವಾರ ಹೋದೆ. ಎರಡು ದಿನವೂ ಮನೆಗೆ ಬೀಗ. ಇಬ್ಬರೂ ಯಾರದೋ ಹೊಲದಲ್ಲಿದ್ದರು. ಮೂರನೆಯ ವಾರ ಅವಳೇ ಫೋನ್ ಮಾಡಿ, ಕೆಲಸ ಜಾಸ್ತಿ ಐತೆ ಮೇಷ್ಟ್ರೇ, ಪಾಠ ಸಾಕು, ಸುಮ್ಕೆ ಉಣ್ಣಕ್ಕೆ ಬನ್ನಿ ಅಂದಳು. ಬರುತ್ತೇನೆ ಅಂದೆ. ಉಣ್ಣಲು ಕರೆದವರ ಮನೆಗೆ ವಾರವಾರ ಹೋಗಲಾಗುತ್ತದೆಯೇ?

ಆದರೂ ಬುಧವಾರ ಬಂದರೆ ಕಾಲು ಮಂಡ್ಯದ ಬಸ್ ನಿಲ್ದಾಣಕ್ಕೆ ಒಯ್ಯುತ್ತದೆ. ದುದ್ದದ ಬಸ್ಸು ಹೊರಡುವುದನ್ನು ನೋಡಿ, ಅಲ್ಲೇ ಒಂದು ಟೀ ಕುಡಿಯುತ್ತೇನೆ. ಮಗ್ಗುಲಲ್ಲಿ ಇನ್ನೊಂದು ಬಸ್ಸು ನಿಂತಿರುತ್ತದೆ. ಅದರ ಕಂಡಕ್ಟರು ಬಾಗಿಲಿಗೆ ಜೋತುಬಿದ್ದು ಮಳವಳ್ಳಿ, ಮಳವಳ್ಳಿ ಎಂದು ಕೂಗುತ್ತಾನೆ. ನಾನು ಪ್ರತಿ ಸಲವೂ ತಿರುಗಿ ನೋಡುತ್ತೇನೆ. ಆ ಹೆಸರನ್ನು ಗಟ್ಟಿಯಾಗಿ ಕೂಗುವವನು ನನ್ನ ಪಾಲಿಗೆ ಈಗ ಅವನೊಬ್ಬನೇ.