ಓಡದೇ ನಿಂತ ರಕ್ಕಸರು

ನಮ್ಮೂರು ಕೊಹಿನೂರಿನ ದೊಡ್ಡಾಟದಲ್ಲಿ ನನಗೆ ಮಾತಿಲ್ಲದ ಪಾತ್ರ. ರಕ್ಕಸನ ದಂಡಿನವರು ನಾವು ನಾಲ್ವರು. ಕೋಲು ಹಿಡಿದು ಕುಣಿಯಬೇಕು, ರಕ್ಕಸ ಬಿದ್ದ ಕೂಡಲೇ ಓಡಬೇಕು. ಓಡುವುದಕ್ಕೂ ತಾಲೀಮು ಬೇರೆ! "ಮದಲ ಸರದಾರನ ಹೆಣ ನೋಡ್ರಿ, ಎದಿ ಒಡೀಲಿ. ಆಮ್ಯಾಲೆ ಓಡ್ರಿ. ಸುಮ್ಮಸುಮ್ಮನ ಓಡಿದ್ರ ಯಾರ್ ನಂಬ್ತಾರ?" ಎಂದು ಆಟ ಕಲಿಸುವ ಮಾಸ್ತರ ದಿನಾ ಬೈಯುತ್ತಿದ್ದ.

ರಕ್ಕಸನ ಪಾತ್ರ ನನ್ನ ಅಣ್ಣನದು. ರಾಜನ ಪಾತ್ರ ಗೌಡರ ಮಗನದು. ಕುಣಿತ ಬರದಿದ್ದರೂ ರಾಜ ಅವನೇ, ಮತ್ತಿನ್ನಾರು? ಅಣ್ಣ ಅವರ ಹೊಲದ ಆಳು. ಆ ವರ್ಷ ಆಳುತನ ಬಿಟ್ಟು ಹಳ್ಳಿಖೇಡದ ಕಡೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯಲು ಹೊರಟಿದ್ದ. "ಕೈಕಾಲು ನೆಟ್ಟಗಿದ್ರ ತಾನ ಟ್ರ್ಯಾಕ್ಟರ್! ಹ್ಯಾಂಗ ಹೋಗತಿ ನೋಡ್ತೀನಿ" ಎಂದು ಗೌಡರ ಮಗ ಎಲ್ಲರೆದುರೇ ಅಂದಿದ್ದ. ಅಣ್ಣ ನಕ್ಕು ಬಿಟ್ಟಿದ್ದ.

ಬಸವಕಲ್ಯಾಣದ ಕೋಟೆಯ ಮಗ್ಗುಲಿನ ಬಯಲಿನಲ್ಲಿ ಆಟ. ಕಾಳಗ ಬರುವಷ್ಟರಲ್ಲಿ ಬೆಳಗಾಗಿತ್ತು. ಅಣ್ಣ ಪೆಟ್ಟು ತಾಗಿದಂತೆ ಮಾಡಿ ಬಿದ್ದ. ರಾಜ ನಿಲ್ಲಿಸಲಿಲ್ಲ. ಸಾಗವಾನಿ ಕತ್ತಿಯಿಂದ ಬಿದ್ದವನ ಎಡ ಮೊಣಕಾಲಿಗೆ ಬಾರಿಸಿದ, ಮತ್ತೆ ಅಲ್ಲಿಗೇ ಬಾರಿಸಿದ. ಎಲುಬು ಲಟಕ್ಕೆಂದದ್ದು ನನ್ನ ಕಿವಿಗೆ ಬಿತ್ತು. "ಯವ್ವಾ, ಸತ್ನೆವ್ವಾ!" ಎಂದು ಅಣ್ಣ ಚೀರಿದ. ಜನ ಸೀಟಿ ಹೊಡೆದರು. "ವಾಹ್ ವಾ, ಭಲೆ ರಕ್ಕಸ! ಏನ್ ಸಾಯಾಕತ್ಯಾನ್ರಿ!" ನಿಮ್ಮ ಮನೆ ಹಾಳಾಗ! ರಕ್ತವನ್ನು ಅವರು ಕುಂಕುಮದ ನೀರು ಅಂದುಕೊಂಡಿದ್ದರು.

"ಓಡ್ರೋ! ಯಾಕ ನಿಂತೀರಿ?" ಮಾಸ್ತರ ಮಗ್ಗುಲಿನಿಂದ ಒದರಿದ. ಉಳಿದ ಮೂವರು ಓಡಲು ತಿರುಗಿದ್ದರು. ನಾನು ತಿರುಗಲಿಲ್ಲ. ಮೈಯೆಲ್ಲ ಉರಿದುಹೋಗಿತ್ತು. ಕೋಲೆತ್ತಿ ರಾಜನ ಬಾಯಿಗೇ ಕೊಟ್ಟೆ. ಕಿರೀಟ ಹಾರಿತು, ಮುಂದಿನ ಹಲ್ಲು ಉದುರಿತು. ಅದನ್ನು ಕಂಡು ಆ ಮೂವರೂ ಮರಳಿ ಬಂದು ಅವನ ಬೆನ್ನು ತೊಡೆ ನೋಡದೆ ಬಡಿದರು. ರಾಜ ತನ್ನ ದಂಡಿನತ್ತ ನೋಡಿದ. ಆ ದಂಡಿನವರೂ ಅವರ ಮನೆಯ ಆಳುಗಳೇ. ಒಬ್ಬನೂ ಮುಂದೆ ಬರಲಿಲ್ಲ. ಅಷ್ಟೇ ಸಾಕಾಯಿತು. ರಕ್ತ ಉಗುಳುತ್ತ, ಹೆಂಗಸರು ಮಕ್ಕಳ ನಡುವೆ ಬಿದ್ದೆದ್ದು ಓಡಿದ. ಜನ ಹೊಟ್ಟೆ ಹಿಡಿದು ನಕ್ಕರು. ಸುಳ್ಳು ಯಾಕೆ ಹೇಳಲಿ, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅಣ್ಣನನ್ನು ಸಿಕ್ಕ ಲಾರಿಯಲ್ಲಿ ಹಾಕಿಕೊಂಡು ಹುಮನಾಬಾದಿನ ದವಾಖಾನೆಗೆ ಹೋದೆವು. ದಾರಿಯುದ್ದಕ್ಕೂ ನನ್ನದು ಒಂದೇ ಮಾತು: "ಓಡಿದ ನೋಡಣ್ಣಾ! ಗೌಡರ ಮಗ ಓಡಿದ!" ಅವನು ಹಲ್ಲುಕಚ್ಚಿ ಕೇಳುತ್ತಿದ್ದ. ಡಾಕ್ಟರು ಕಾಲು ಮುಟ್ಟಿ ನೋಡಿ, ಈ ಮೊಣಕಾಲು ಇನ್ನು ಮಡಚುವುದಿಲ್ಲ ಎಂದರು.

ಅಣ್ಣ ತನ್ನ ಎಡಗಾಲನ್ನು ನೋಡಿಕೊಂಡ. ಆಮೇಲೆ ನನ್ನ ಕಡೆ ತಿರುಗಿದ.

"ಅವ ಓಡಿದ್ದು ಖರೆ ತಮ್ಮಾ. ಇನ್ನ ಕ್ಲಚ್ಚು ನಾ ಯಾವ ಕಾಲಲೆ ತುಳೀಲಿ?"