ಕೆಂಪು ಕಾರಿನ ಸೀಟು

ಮಗಳಿಗೆ ನೆಮ್ಮದಿಯಾಗಿ ಎರಡು ತುತ್ತು ಉಣಿಸಲೂ ಬಿಡುವುದಿಲ್ಲ, ಮತ್ತೆ ಹಾರ್ನು. ಕೌಲ್ ಬಜಾರಿನಲ್ಲಿ ನಾನು ಕಾರಿನ ಸೀಟು ಹೊಲಿಯುವ ಅಂಗಡಿ ಮುಂದೆ ತಾತನ ಕಾಲದ, ಟಾಪಿಲ್ಲದ ಕೆಂಪು ರೇಸ್ ಕಾರು. ಒಳಗೆ ಕಪ್ಪು ಕನ್ನಡಕದ ಸಾಹುಕಾರರು.

“ಗಾಡಿ ಜೋರು ಹೊಡೆದ್ರ ನೀವು ಹೊಲಿದ ಸೀಟು ಜಾರತೈತ್ರಿ. ಬಿಚ್ಚಿ ಮತ್ತ ಹೊಲೀರಿ.”

ವಾರವಿಡೀ ಹೊಲಿದದ್ದನ್ನು ಬಿಚ್ಚುವವಳಲ್ಲ ನಾನು. “ಜಾರೋದು ಸೀಟೋ ನೀವೋ ನೋಡೂಣು, ನಡೀರಿ,” ಎಂದು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹತ್ತಿದೆ.

ಸಿರುಗುಪ್ಪ ರಸ್ತೆಯಲ್ಲಿ ಭತ್ತ ಒಣಹಾಕಿದ್ದ ಕಡೆ ಎತ್ತಿನ ಬಂಡಿಗಿಂತ ನಿಧಾನ. ಬಾಗಿಲು ಗಡಗಡ, ಪೆಟ್ರೋಲಿನ ನಾತ. ಇದಕ್ಕೆ ಇಷ್ಟು ಮೆರೆದಾಟ. ರಸ್ತೆ ಖಾಲಿಯಾದದ್ದೇ ಅವರು ಆಕ್ಸಿಲರೇಟರ್ ಒತ್ತಿ ತುಳಿದರು. ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು, ಹೊಲಿಗೆ ಮಿಸುಕಲಿಲ್ಲ. ಸಾಹುಕಾರರು ಕಾರು ಹಿಂದಕ್ಕೆ ತಿರುಗಿಸಿದರು.

ಮನೆಯಲ್ಲಿ ಅತ್ತೆಯ ಮುಂದೆ ಆ ಡಬ್ಬಾ ಕಾರಿಗೆ ಹಿಡಿಶಾಪ ಹಾಕುತ್ತಿದ್ದೆ. ಮಗಳು ನಡುವೆ ಕೇಳಿದಳು:

“ಮತ್ತ ‘ಇನ್ನಾ ಜೋರು ಹೊಡೀರಿ’ ಅಂತ ಯಾಕ ಕೂಗಿದಿ, ಅವ್ವಾ?”