ಜಾರಿದ್ದು ರಾಜ್ಯದಲ್ಲಿ, ಮುರಿದದ್ದು ಕೇಂದ್ರದಲ್ಲಿ

ಬಂದರಿನವರೆಲ್ಲ ಅವಳನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು, ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಸಹ. ಹಡಗುಗಳಿಗೆ ದಾರಿ ತೋರಿಸುವ ದೀಪಸ್ತಂಭವನ್ನು ಗುಡಿಸುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಗುಡ್ಡದ ತೊಂಬತ್ತು ಮೆಟ್ಟಿಲು ಹತ್ತಿ, ಗೋಪುರದೊಳಗಿನ ಇನ್ನೂರು ಮೆಟ್ಟಿಲು ಗುಡಿಸಿ, ತುದಿಯ ಗಾಜು ಒರೆಸಿ ಇಳಿಯುತ್ತಿದ್ದಳು. ಹೋಗ್ತಾ ಬರ್ತಾ ಗುಡ್ಡದ ಮೆಟ್ಟಿಲಿಗೂ ನಾಲ್ಕು ಸಲ ಪೊರಕೆ ಆಡಿಸುತ್ತಿದ್ದಳು. ಯಾರೂ ಹೇಳಿರಲಿಲ್ಲ, ಯಾರೂ ಬೇಡ ಅಂದಿರಲೂ ಇಲ್ಲ.

ಹೊಸದಾಗಿ ಬಂದ ದೀಪಸ್ತಂಭದ ಸಾಹೇಬರು ಅಂದರು.

"ಚಿಕ್ಕಮ್ಮ, ಲೈಟ್‌ಹೌಸು ಕೇಂದ್ರ ಸರ್ಕಾರದ್ದು. ಹೊರಗಿನ ಮೆಟ್ಟಿಲು ರಾಜ್ಯದ್ದು. ನಮ್ಮ ಪೊರಕೆ ಅಲ್ಲಿ ಸವೆಯೋ ಹಾಗಿಲ್ಲ."

"ಕಸಕ್ಕೆ ಅದೆಲ್ಲ ಗೊತ್ತಾಗುತ್ತಾ ಸಾರ್?" ಎಂದಳು. ಆದರೂ ಬಿಟ್ಟಳು. ಬಿಟ್ಟಿ ಚಾಕರಿ ಬೇಡ ಎಂದರೆ ಅಳುವವರು ಯಾರು?

ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಮೆಟ್ಟಿಲ ತುಂಬ ಪಾಚಿ ಹಾಸಿಕೊಂಡಿತು. ಒಂದು ಬೆಳಿಗ್ಗೆ ಮೇಲಿನ ಕೊನೇ ಮೆಟ್ಟಿಲಲ್ಲಿ ಕಾಲು ಜಾರಿ, ಚಿಕ್ಕಮ್ಮ ಮುಗ್ಗರಿಸಿ ದೀಪಸ್ತಂಭದ ಗೇಟಿನೊಳಗೆ ಬಿದ್ದಳು. ಎಡಗೈ ಮೂಳೆ ಲಟಕ್ಕೆಂದಿತು.

ರಜೆಯ ಸಂಬಳ ಯಾರು ಕೊಡಬೇಕು ಎಂದು ತೀರ್ಮಾನಿಸಲು ಸಾಹೇಬರೂ ರಾಜ್ಯದ ಇಂಜಿನಿಯರೂ ಟೇಪು ಹಿಡಿದು ಗುಡ್ಡ ಹತ್ತಿದರು. ಕೈಗೆ ಪಟ್ಟಿ ಕಟ್ಟಿಕೊಂಡ ಚಿಕ್ಕಮ್ಮ, ಸೊಸೆಯ ಹೆಗಲು ಹಿಡಿದು ಬಂದಳು.

"ಮೆಟ್ಟಿಲು ನಮ್ಮದೇ, ಒಪ್ತೀನಿ" ಎಂದರು ಇಂಜಿನಿಯರ್. "ಆದ್ರೆ ಮೂಳೆ ಮುರಿದಿದ್ದು ನಿಮ್ಮ ನೆಲದಲ್ಲಿ."

"ನಮ್ಮ ನೆಲ ಏನ್ರೀ ಮಾಡಿತ್ತು? ಜಾರಿಸಿದ್ದು ನಿಮ್ಮ ಮೆಟ್ಟಿಲು!"

"ಜಾರಿಸಿದ್ದು ಮೆಟ್ಟಿಲಲ್ಲ ಸ್ವಾಮಿ, ಪಾಚಿ. ಪಾಚಿ ನಮ್ಮ ಪಟ್ಟಿಲಿಲ್ಲ."

"ಅತ್ತೆ, ಕೈಗೆ ಕಟ್ಟಿರೋ ಪಟ್ಟಿ ಕೇಳ್ತಿದಾರಾ?" ಎಂದು ಸೊಸೆ ಪಿಸುಗುಟ್ಟಿದಳು.

ಇಂಜಿನಿಯರ್ ಬಿಡಿಸಿ ಹೇಳಿದರು. "ಅಧಿಕಾರದ ಪಟ್ಟಿ ಕಣಮ್ಮ. ರೈಲು, ಅಂಚೆ, ಲೈಟ್‌ಹೌಸು ಅವರ ಪಟ್ಟಿ. ಪೊಲೀಸು, ಆಸ್ಪತ್ರೆ ನಮ್ಮ ಪಟ್ಟಿ. ಇಬ್ಬರಿಗೂ ಸೇರಿದ್ದು ಮೂರನೇ ಪಟ್ಟಿ."

"ಯಾವ ಪಟ್ಟಿಲೂ ಇಲ್ದೇ ಇರೋದು?" ಎಂದಳು ಚಿಕ್ಕಮ್ಮ.

ಇಂಜಿನಿಯರರ ಮುಖ ಹೂವಿನಂತೆ ಅರಳಿತು. "ಅದೆಲ್ಲ ಕೇಂದ್ರಕ್ಕೇ! ಕಾನೂನೇ ಹಾಗಿದೆ!"

ಸಾಹೇಬರು ಹರಳೆಣ್ಣೆ ಕುಡಿದವರಂತೆ ಮುಖ ಮಾಡಿ, ಮೇಲಿನವರಿಗೆ ಬರೆಯುತ್ತೇನೆ ಎಂದು ಮೆಟ್ಟಿಲ ಪಕ್ಕದ ಗೋಡೆ ಹಿಡಿದುಕೊಂಡು ಇಳಿದರು.

ಮೂರು ತಿಂಗಳಿಗೆ ಉತ್ತರ ಬಂತು. ಪಾಚಿಯನ್ನು ತಾತ್ಕಾಲಿಕವಾಗಿ ಕೇಂದ್ರದ್ದೆಂದು ಒಪ್ಪಲಾಗಿತ್ತು. ರಜೆಯ ಸಂಬಳ ಮಂಜೂರಾಗಿತ್ತು. ಕೆಳಗೆ ಇನ್ನೊಂದು ಸಾಲು: 'ಸದರಿ ಮೆಟ್ಟಿಲುಗಳ ಪಾಚಿಯನ್ನು ಮಾತ್ರ ಕೆರೆಯತಕ್ಕದ್ದು. ಕಸವು ರಾಜ್ಯಕ್ಕೆ ಸೇರಿದ್ದರಿಂದ ಮುಟ್ಟಕೂಡದು.'

ಸೊಸೆ ಓದಿ ಹೇಳಿದಳು. ಚಿಕ್ಕಮ್ಮ ಎರಡೂ ಸರ್ಕಾರಗಳಿಗೆ ಹೆಚ್ಚುಕಡಿಮೆ ಇಲ್ಲದಂತೆ ಬೈದು, ಮಾರನೇ ದಿನ ಒಂದೇ ಕೈಯಲ್ಲಿ ಇಡೀ ಗುಡ್ಡ ಗುಡಿಸಿದಳು. ಸಾಹೇಬರು ಬಾಗಿಲಿಗೆ ಬಂದು ನೋಡಿದರು.

"ಪಾಚಿ ಎಲ್ಲಿದೆ ಅಂತ ಹುಡುಕ್ತಿದೀನಿ ಸಾರ್. ಕಸದ ಕೆಳಗೆ ಅಡಗಿರುತ್ತೆ" ಎಂದಳು.

ಸಾಹೇಬರು ಒಳಗೆ ಹೋದರು. ಆ ಎಡಗೈ ಮತ್ತೆ ಪೂರ್ತಿ ಮಡಚಲು ಬರಲಿಲ್ಲ. ಅವಳ ಜಡೆ ಹೆಣೆಯುವ ಖಾತೆ ಮಾತ್ರ ಯಾವ ತಕರಾರೂ ಇಲ್ಲದೆ ಸೊಸೆಗೆ ಹೋಯಿತು.